ತ್ರಿಕೋನ ಹೇಳುವ ಗುಟ್ಟು



"ಸರ್, ವಿಶ್ವದ ಆಕಾರ ಯಾವುದು?" ಎಂದು ಒಮ್ಮೆ ವಿದ್ಯಾರ್ಥಿಯೊಬ್ಬ ಕೇಳಿದಾಗ, "ಮೊದಲು ಪಾಠ ಓದು" ಎಂದು ಗದರಿಬಿಟ್ಟಿದ್ದೆ. ಆ ತಪ್ಪನ್ನು ಇಂದು ತಿದ್ದಿಕೊಳ್ಳುತ್ತೇನೆ.

ಮಕ್ಕಳ ಭೂಪಟದಲ್ಲಿ ನಮ್ಮ ಯಡೂರಿನಿಂದ ಮಕ್ಕಾಕ್ಕೆ ಸ್ಕೇಲಿಟ್ಟು ಗೆರೆ ಎಳೆಯಿರಿ. ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 8 ಡಿಗ್ರಿ ವಾಲುತ್ತದೆ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದರೆ ಸುಮಾರು 14 ಡಿಗ್ರಿ ವಾಲುತ್ತದೆ. ಊರೂ ಅದೇ, ಕಅಬಾವೂ ಅದೇ, ದಿಕ್ಕು ಮಾತ್ರ ಬೇರೆ! ಏಕೆಂದರೆ ಭೂಪಟ ಚಪ್ಪಟೆ, ಭೂಮಿ ದುಂಡು. ಅಲ್ ಬಿರೂನಿಯವರು 1025ರಲ್ಲಿ ಮುಗಿಸಿದ ಕೃತಿಯಲ್ಲಿ ಗಝ್ನಾದ ಕಿಬ್ಲಾವನ್ನು ಗೋಳದ ಜ್ಯಾಮಿತಿಯಿಂದಲೇ ಲೆಕ್ಕ ಹಾಕಿದ್ದರು. (ದೂರದವರಿಗೆ ದಿಕ್ಕು ಸಾಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇದಕ್ಕಾಗಿ ಮಸೀದಿಯಲ್ಲಿ ಜಗಳ ಬೇಡ.)

ಯಡೂರು, ಮಕ್ಕಾ, ಉತ್ತರ ಧ್ರುವ ಇವನ್ನು ಸೇರಿಸಿ ತ್ರಿಕೋನ ಮಾಡಿದರೆ ಮೂಲೆಗಳು ಸುಮಾರು 76, 92 ಮತ್ತು 35 ಡಿಗ್ರಿ. ಒಟ್ಟು 203! ಶಾಲೆಯಲ್ಲಿ ಕಲಿತದ್ದು 180 ಅಲ್ಲವೇ? ಕೃಷ್ಣೆಯ ದಡದ ಕಬ್ಬಿನ ಗದ್ದೆಯಲ್ಲಿ ಮೂರು ಗೂಟ ನೆಟ್ಟು ಅಳೆದರೆ 180 ಬರುತ್ತದೆ. ಗದ್ದೆ ಚಿಕ್ಕದು, ಭೂಮಿಯ ಬಾಗು ಅಲ್ಲಿ ತಿಳಿಯದು. ಅಂದರೆ, ಭೂಮಿಯನ್ನು ಬಿಟ್ಟು ಹೊರಗೆ ಹೋಗದೆಯೂ ದೊಡ್ಡ ತ್ರಿಕೋನ ಅಳೆದು ಅದರ ಆಕಾರ ತಿಳಿಯಬಹುದು.

ವಿಶ್ವದಿಂದ ಹೊರಗೆ ನಿಂತು ನೋಡಲು ನಮಗೆ ಸಾಧ್ಯವಿಲ್ಲ. ಹಾಗಾಗಿ ವಿಜ್ಞಾನಿಗಳು ಹಿಡಿದದ್ದೂ ಇದೇ ದಾರಿ. ಮೊತ್ತ 180 ಆದರೆ ವಿಶ್ವ 'ಚಪ್ಪಟೆ', ಹೆಚ್ಚಾದರೆ ಚೆಂಡಿನಂತೆ ಬಾಗಿದ್ದು, ಕಡಿಮೆಯಾದರೆ ಕುದುರೆಯ ಜೀನಿನಂತೆ. ಸುಮಾರು 1380 ಕೋಟಿ ವರ್ಷ ಪ್ರಯಾಣಿಸಿ ನಮ್ಮನ್ನು ತಲುಪುವ ಆದಿಕಾಲದ ಬೆಳಕಿನಲ್ಲಿ ಬಿಸಿ-ತಂಪಿನ ಮಚ್ಚೆಗಳಿವೆ. ಅವುಗಳ ನಿಜವಾದ ಅಗಲ ಲೆಕ್ಕದಿಂದ ಗೊತ್ತು. ಆ ಅಗಲವೇ ತ್ರಿಕೋನದ ತಳ, ನಾವಿರುವ ಜಾಗವೇ ಅದರ ತುದಿ. ವಿಶ್ವ ಚಪ್ಪಟೆಯಾಗಿದ್ದರೆ ಮಚ್ಚೆಗಳು ಸುಮಾರು 1 ಡಿಗ್ರಿ ಅಗಲ ಕಾಣಬೇಕು. ಹಾಗೆಯೇ ಕಂಡವು. ಯುರೋಪಿನ ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶವನ್ನು ಇತರ ಅಳತೆಗಳೊಡನೆ ಸೇರಿಸಿದಾಗ, ಶೇ. 0.2ರಷ್ಟು ನಿಖರತೆಯಲ್ಲಿ ವಿಶ್ವ ಚಪ್ಪಟೆ ಎಂದು ತಿಳಿಯಿತು.

ಹಾಗಾದರೆ ಅದಕ್ಕೆ ಕೊನೆಯಿಲ್ಲವೇ? ಈ ಅಳತೆ ಅದನ್ನು ಹೇಳುವುದಿಲ್ಲ. ನಮ್ಮ ಅತಿ ದೊಡ್ಡ ತ್ರಿಕೋನವೂ ಇಡೀ ವಿಶ್ವದ ಮುಂದೆ ಒಂದು ಕಬ್ಬಿನ ಗದ್ದೆಯಷ್ಟೇ ಇರಬಹುದು.

ನಿಮ್ಮ ಮಗು ಈ ಪ್ರಶ್ನೆ ಕೇಳಿದರೆ ನನ್ನಂತೆ ಗದರಬೇಡಿ. ಕೈಗೆ ಒಂದು ಮೋಸಂಬಿ, ಒಂದು ಪೆನ್ನು ಕೊಟ್ಟು, "ಇದರ ಮೇಲೆ ತ್ರಿಕೋನ ಬರೆ ನೋಡೋಣ" ಎನ್ನಿ.