ಗುಂಡಿನ ಗೀರು ಹೇಳುವ ಸಾಕ್ಷ್ಯ

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡೂ ಹತ್ಯೆಗೆ ಬಳಕೆಯಾಗಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಬೇರೆ ಬೇರೆಯಾಗಿದ್ದ ಪ್ರಕರಣಗಳನ್ನು ಜೋಡಿಸಿದ್ದು ಆ ವರದಿ.

ಪಿಸ್ತೂಲಿನ ನಳಿಕೆ ಗುಂಡಿನ ಮೇಲೆ ಗೀರು ಮೂಡಿಸುತ್ತದೆ. ಪಿನ್ನು ಕಾಡತೂಸಿನ ತಳದಲ್ಲಿ ಗುರುತು ಬಿಡುತ್ತದೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಆದರೆ ‘ಹೊಂದುತ್ತದೆ’ ಎಂದು ಕೊನೆಗೆ ತೀರ್ಮಾನಿಸುವುದು ತಜ್ಞರ ಕಣ್ಣು. ಎಷ್ಟು ಗೀರು ಹೊಂದಿದರೆ ಸಾಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರಲ್ಲೇ ಈ ಕೊರತೆಯನ್ನು ಎತ್ತಿ ತೋರಿಸಿತ್ತು. 2023ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸುಪ್ರೀಂ ಕೋರ್ಟ್, ಕೊಲೆ ಪ್ರಕರಣವೊಂದರಲ್ಲಿ ‘ಗುಂಡು ಇದೇ ಬಂದೂಕಿನದು’ ಎಂದು ತಜ್ಞರು ಖಡಾಖಂಡಿತವಾಗಿ ಹೇಳಲು ಬಿಟ್ಟದ್ದು ತಪ್ಪು ಎಂದಿತು.

ಹಾಗೆಂದು ಪರೀಕ್ಷೆಯನ್ನೇ ತಳ್ಳಿಹಾಕಬೇಕಿಲ್ಲ. ತನಿಖೆಗೆ ಅದು ದಾರಿ ತೋರಿಸುತ್ತದೆ. ಆದರೆ ಗುಂಡು ಆಯುಧವನ್ನು ತೋರಿಸೀತೇ ಹೊರತು ಅದನ್ನು ಹಿಡಿದಿದ್ದ ಕೈಯನ್ನಲ್ಲ. ಮೊದಲ ತಜ್ಞರ ಅಭಿಪ್ರಾಯ ತಿಳಿಯದ ಇನ್ನೊಬ್ಬರು ಮರುಪರಿಶೀಲಿಸಲಿ; ತಪ್ಪಿನ ಸಾಧ್ಯತೆಯೂ ವರದಿಯಲ್ಲಿರಲಿ. ನಿರಪರಾಧಿ ಜೈಲಿಗೆ ಹೋದರೆ ನಿಜವಾದ ಹಂತಕ ನಮ್ಮ ನಡುವೆಯೇ ಓಡಾಡಿಕೊಂಡಿರುತ್ತಾನೆ.