ಯಾವ ಪಟ್ಟು ಮೊದಲು?

ಕಾರ ಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಹಬ್ಬ. ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಬಂದ ಜನ ಕುಸ್ತಿ ನೋಡದೆ ಊರಿಗೆ ಮರಳುವುದಿಲ್ಲ. ಆದರೆ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನ ಹೈಸ್ಕೂಲು ಹುಡುಗನ ಕಣ್ಣು ಈಗ ಮೊಬೈಲಿನ ಮೇಲಿದೆ. ಅಲ್ಲಿ ಬಲೆಯ ಪಂಜರದೊಳಗೆ ಇಬ್ಬರು ಗುದ್ದುತ್ತಾರೆ, ಒದೆಯುತ್ತಾರೆ, ಕೆಡವಿ ಕತ್ತು ಹಿಚುಕುತ್ತಾರೆ. ಇದಕ್ಕೆ ಮಿಶ್ರ ಸಮರಕಲೆ ಎಂದು ಹೆಸರು. 'ನಾನೂ ಇದನ್ನೇ ಕಲಿಯುತ್ತೇನೆ' ಎಂದು ಮಗ ಹಟ ಹಿಡಿದರೆ ಪಾಲಕರು ಏನು ಹೇಳಬೇಕು? ಕರಾಟೆಗೆ ಸೇರಿಸಬೇಕೆ, ಬಾಕ್ಸಿಂಗಿಗೆ ಕಳಿಸಬೇಕೆ, ಗರಡಿಯೇ ಸಾಕೆ?

ಉತ್ತರ ಹುಡುಕಲು ಈ ಆಟದ ಹುಟ್ಟು ತಿಳಿಯಬೇಕು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ವಿದ್ಯೆಯ ಎಂಟು ಮಂದಿಯನ್ನು ಒಂದೇ ರಾತ್ರಿ ಕಾದಾಡಲು ಬಿಟ್ಟರು. ಗೆದ್ದವನು ಬಾಕ್ಸರ್ ಅಲ್ಲ, ಕರಾಟೆಯವನೂ ಅಲ್ಲ. ಬ್ರೆಜಿಲ್‌ನ ಜಿಯುಜಿತ್ಸು ಕಲಿತಿದ್ದ, ತೆಳ್ಳನೆಯ ಮೈಕಟ್ಟಿನ ರಾಯ್ಸ್ ಗ್ರೇಸಿ. ಎದುರಾಳಿಯನ್ನು ನೆಲಕ್ಕೆ ತಂದರೆ ದೈತ್ಯನ ಗುದ್ದಿಗೂ ಬಲವಿರುವುದಿಲ್ಲ ಎಂದು ಆತ ತೋರಿಸಿದ. ಮುಂದೆ ಕುಸ್ತಿಪಟುಗಳು ಬಂದರು. ಅವರನ್ನು ತಡೆಯಲು ಗುದ್ದುವವರು ಕುಸ್ತಿ ಕಲಿತರು, ಗುದ್ದು ತಡೆಯಲು ಕುಸ್ತಿಯವರು ಬಾಕ್ಸಿಂಗ್ ಕಲಿತರು. ಹೀಗೆ ಎಲ್ಲವೂ ಬೆರೆಯಿತು.

ಈ ಹೋರಾಟಕ್ಕೆ ಮೂರು ನೆಲೆಗಳಿವೆ. ದೂರ ನಿಂತು ಹೊಡೆಯುವುದು, ಹತ್ತಿರ ಬಂದು ಹಿಡಿದು ಕೆಡವುವುದು, ಬಿದ್ದ ಮೇಲೆ ನೆಲದಲ್ಲಿ ಸೆಣಸುವುದು. ಬಾಕ್ಸಿಂಗ್, ಕರಾಟೆ, ಟೇಕ್ವಾಂಡೊ ಮೊದಲನೆಯದಕ್ಕೆ. ಕುಸ್ತಿ, ಜೂಡೊ ಎರಡನೆಯದಕ್ಕೆ. ಜಿಯುಜಿತ್ಸು ಮೂರನೆಯದಕ್ಕೆ. ಚೀನಾ ಮೂಲದ ವುಶುವಿನ ಸಾಂಡಾ ವಿಭಾಗದಲ್ಲಿ ಗುದ್ದು, ಒದೆತ, ಎಸೆತ ಮೂರೂ ಇವೆ. ಎಲ್ಲವನ್ನೂ ಕಲಿಸುವ ವಿದ್ಯೆ ಒಂದೂ ಇಲ್ಲ.

ಹಾಗಾದರೆ ಮೊದಲು ಯಾವುದು? ನಮ್ಮ ದೇಶದವರನ್ನೇ ನೋಡಿ. ಹರಿಯಾಣದ ರಿತು ಫೋಗಟ್ ಕುಸ್ತಿಯಿಂದ ಬಂದು 2019ರಲ್ಲಿ ಈ ಕಣಕ್ಕಿಳಿದರು. ಉತ್ತರ ಪ್ರದೇಶದ ಪೂಜಾ ತೋಮರ್ ವುಶುವಿನಲ್ಲಿ ಪಳಗಿ, 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ದಾರಿ ಬೇರೆ ಬೇರೆ, ಆದರೆ ಇಬ್ಬರೂ ಮೊದಲು ಒಂದು ವಿದ್ಯೆಯನ್ನು ವರ್ಷಗಟ್ಟಲೆ ಗಟ್ಟಿ ಮಾಡಿಕೊಂಡವರು. ಮೂರು ತಿಂಗಳು ಕರಾಟೆ, ಮೂರು ತಿಂಗಳು ಬಾಕ್ಸಿಂಗ್ ಎಂದು ಅಲೆದವರಲ್ಲ.

ರಾಯಚೂರು ಸೀಮೆಯ ಹುಡುಗನಿಗೆ ಕುಸ್ತಿಯೇ ಒಳ್ಳೆಯ ಬುನಾದಿ. ಇದು ಈ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವೇ ಇದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಕುಸ್ತಿಯಲ್ಲಿ ಕಂಚು ಗೆದ್ದರು. ಕುಸ್ತಿ ಕಲಿತವನಿಗೆ ಹೋರಾಟ ಎಲ್ಲಿ ನಡೆಯಬೇಕೆಂದು ತೀರ್ಮಾನಿಸುವ ಶಕ್ತಿ ಬರುತ್ತದೆ. ಬೇಕೆಂದರೆ ಕೆಡವುತ್ತಾನೆ, ಬೇಡವೆಂದರೆ ಬೀಳದೆ ನಿಲ್ಲುತ್ತಾನೆ.

ಆದರೆ ಗರಡಿಯ ಒಂದು ಅಭ್ಯಾಸ ಪಂಜರದಲ್ಲಿ ಮುಳುವಾಗುತ್ತದೆ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅದಕ್ಕೇ ಪೈಲ್ವಾನ ಬಿದ್ದ ಕೂಡಲೇ ಬೋರಲಾಗುತ್ತಾನೆ. ಮಿಶ್ರ ಹೋರಾಟದಲ್ಲಿ ಹಾಗೆ ಬೋರಲಾದರೆ ಎದುರಾಳಿ ಬೆನ್ನೇರಿ ಕತ್ತಿಗೆ ಕೈ ಹಾಕುತ್ತಾನೆ. ಜಿಯುಜಿತ್ಸುವಿನಲ್ಲಿ ಬೆನ್ನ ಮೇಲೆ ಮಲಗಿ ಕಾಲುಗಳಿಂದ ಸೆಣಸುವುದೇ ಒಂದು ಕಲೆ. ಜೂಡೊದವನಿಗೂ ಇಂಥದೇ ತೊಡಕು. ಅವನ ಹಿಡಿತವೆಲ್ಲ ಎದುರಾಳಿಯ ಅಂಗಿಯ ಮೇಲೆ. ಇಲ್ಲಿ ಅಂಗಿಯೇ ಇರುವುದಿಲ್ಲ. ಕರಾಟೆಯಲ್ಲಿ ಏಟು ತಾಗಿಸಿ ಅಂಕ ಪಡೆದು ಹಿಂದೆ ಸರಿಯುವ ಪದ್ಧತಿಯೇ ಹೆಚ್ಚು. ಇಲ್ಲಿ ಆಟ ಅಲ್ಲಿಗೆ ನಿಲ್ಲುವುದಿಲ್ಲ. ಆದ್ದರಿಂದ ಕಲಿತದ್ದರ ಜೊತೆಗೆ ಮರೆಯಬೇಕಾದದ್ದೂ ಇರುತ್ತದೆ.

ಕುಸ್ತಿ ಮೊದಲು ಎನ್ನಲು ಇನ್ನೂ ದೊಡ್ಡ ಕಾರಣ ತಲೆ. ಬೆಳೆಯುವ ಮಕ್ಕಳ ತಲೆಗೆ ಮೇಲಿಂದ ಮೇಲೆ ಏಟು ಬೀಳುವುದು ಒಳ್ಳೆಯದಲ್ಲ. ಕುಸ್ತಿ, ಜೂಡೊಗಳಲ್ಲಿಯೂ ಪೆಟ್ಟಾಗುತ್ತದೆ. ಆದರೆ ತಲೆಗೆ ಹೊಡೆಯುವುದೇ ಅಲ್ಲಿ ಗುರಿಯಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಏಟು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಸರಿಯಿರಲಿಲ್ಲವೆಂದು ಹೆತ್ತವರು ದೂರಿದರು. ಮಗನನ್ನು ಯಾವುದೇ ಸ್ಪರ್ಧೆಗೆ ಕಳಿಸುವ ಮುನ್ನ ವೈದ್ಯರು ಇರುತ್ತಾರೆಯೇ, ಆಂಬುಲೆನ್ಸ್ ಇದೆಯೇ ಎಂದು ಕೇಳಲು ಪಾಲಕರು ಸಂಕೋಚ ಪಡಬಾರದು. ಸರಿಯಾದ ಉತ್ತರ ಬಾರದಿದ್ದರೆ ಕಳಿಸಲೂಬಾರದು.

ಎರಡನೆಯ ಅಪಾಯ ತೂಕ ಇಳಿಸುವುದು. ಕೆಳಗಿನ ತೂಕದ ವಿಭಾಗದಲ್ಲಿ ಆಡುವ ಆಸೆಗೆ ನೀರು ಬಿಟ್ಟು ಬೆವರು ಸುರಿಸುವವರಿದ್ದಾರೆ. ಚೀನಾದ 21 ವರ್ಷದ ಯಾಂಗ್ ಜಿಯಾನ್ ಬಿಂಗ್ 2015ರ ಡಿಸೆಂಬರ್‌ನಲ್ಲಿ ಹೀಗೆ ತೂಕ ಇಳಿಸುವಾಗಲೇ ಕುಸಿದು ಮನಿಲಾದಲ್ಲಿ ಪ್ರಾಣಬಿಟ್ಟ. ರಾಯಚೂರಿನ ಬೇಸಿಗೆಯಲ್ಲಿ ನೀರು ಬಿಡುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಓದಿನ ಮಾತೂ ಇದೆ. ಕುಸ್ತಿ, ಜೂಡೊ, ಬಾಕ್ಸಿಂಗ್, ಟೇಕ್ವಾಂಡೊ ಒಲಿಂಪಿಕ್ ಕ್ರೀಡೆಗಳು. ಶಾಲಾ ಕ್ರೀಡಾಕೂಟಗಳಲ್ಲಿಯೂ ಇವೆ. ಅಲ್ಲಿ ಗೆದ್ದ ಪ್ರಮಾಣಪತ್ರಕ್ಕೆ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ. ಮಿಶ್ರ ಹೋರಾಟ ಒಲಿಂಪಿಕ್ಸ್‌ನಲ್ಲಿಲ್ಲ. ನಾಳೆ ಹುಡುಗ ಪಂಜರಕ್ಕೆ ಹೋಗದಿದ್ದರೂ ಇಂದು ಕಲಿತ ಕುಸ್ತಿ ಅವನ ಕೈಬಿಡುವುದಿಲ್ಲ. ಸರ್ಕಾರದ ಕ್ರೀಡಾ ವಸತಿ ನಿಲಯಗಳ ಆಯ್ಕೆ ಯಾವಾಗ ಎಂಬುದನ್ನು ರಾಯಚೂರಿನ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಕೊನೆಗೆ, ವಿದ್ಯೆಗಿಂತ ಗುರು ಮುಖ್ಯ. ಸೇರಿಸುವ ಮುನ್ನ ತಂದೆಯೋ ತಾಯಿಯೋ ಒಂದು ಸಂಜೆ ಹೋಗಿ ಕುಳಿತು ನೋಡಲಿ. ಚಿಕ್ಕವರನ್ನು ದೊಡ್ಡವರ ಎದುರು ಬಿಡುತ್ತಾರೆಯೇ? ಬೀಳುವುದನ್ನು ಮೊದಲು ಕಲಿಸುತ್ತಾರೆಯೇ? ಪೆಟ್ಟಾಯಿತೆಂದರೆ ಆಟ ನಿಲ್ಲಿಸುತ್ತಾರೆಯೇ? ಪರೀಕ್ಷೆ ಹತ್ತಿರ ಬಂದಾಗ ರಜೆ ಕೊಡುತ್ತಾರೆಯೇ? ಬೆಲ್ಟಿನ ಬಣ್ಣ, ಗೋಡೆಯ ಮೇಲಿನ ಫೋಟೋ ನೋಡಿ ಮರುಳಾಗುವುದಕ್ಕಿಂತ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಮೇಲು. ಹತ್ತಿರದಲ್ಲಿ ಒಳ್ಳೆಯ ಕುಸ್ತಿ ಉಸ್ತಾದರಿಲ್ಲದೆ ಒಳ್ಳೆಯ ಜೂಡೊ ಗುರುಗಳಿದ್ದರೆ ಜೂಡೊವೇ ಆಗಲಿ. ಗುದ್ದುವುದನ್ನು ಹದಿನೆಂಟು ತುಂಬಿದ ಮೇಲೆ ಕಲಿತರೂ ತಡವಾಗುವುದಿಲ್ಲ.