ಹಾಡು ಉಳಿಯಲಿ, ಹಾಡಿದವರ ಹೆಸರೂ ಉಳಿಯಲಿ

ನಮ್ಮ ಊರುಗಳ ದಫ್ ತಂಡಗಳಿಗೆ ಹೆಸರುಂಟು, ಬ್ಯಾನರ್ ಉಂಟು, ಸಮವಸ್ತ್ರ ಉಂಟು. ಕಲಿಸಿದ ಉಸ್ತಾದರ ಹೆಸರು ಆಮಂತ್ರಣ ಪತ್ರದಲ್ಲಿ ಇರುತ್ತದೆ. ಸ್ಪರ್ಧೆಯಲ್ಲಿ ಗೆದ್ದರೆ ಟ್ರೋಫಿ, ಮರುದಿನ ಪತ್ರಿಕೆಯಲ್ಲಿ ಫೋಟೋ. ಕೋಲ್ಕಳಿಯವರದ್ದೂ ಹೀಗೆಯೇ. ಇದು ಸಂತೋಷದ ವಿಷಯ, ಹೀಗೆಯೇ ಇರಬೇಕು ಕೂಡ. ಆದರೆ ಅದೇ ಮದುವೆ ಮನೆಯ ಒಳಕೋಣೆಯಲ್ಲಿ, ಮದುಮಗಳ ಕೈಗೆ ಮದರಂಗಿ ಇಡುವಾಗ ಮೊಯಿಲಾಂಜಿ ಪಾಟ್ ಹಾಡಿದ ಹೆಂಗಸರು ಯಾರು? ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಉಂಞಾಲ್ ಪಾಟ್ ಹಾಡಿದ ಅಜ್ಜಿಯ ಹೆಸರೇನು? ಕೇಳಿ ನೋಡಿ, "ಅದು ಮನೆಯ ಹೆಂಗಸರು ಹಾಡುವುದಲ್ವಾ" ಎಂಬ ಉತ್ತರ ಬರುತ್ತದೆ. ಗಂಡಸರು ಮಾಡಿದರೆ ಕಲೆ, ಹೆಂಗಸರು ಮಾಡಿದರೆ ಮನೆಕೆಲಸ. ನಾವು ಇಷ್ಟು ವರ್ಷ ಹಾಕಿಕೊಂಡು ಬಂದ ಲೆಕ್ಕ ಇದು.

ಬ್ಯಾರಿ ಭಾಷೆ ಶತಮಾನಗಳ ಕಾಲ ಬದುಕಿದ್ದು ಪುಸ್ತಕದಲ್ಲಲ್ಲ, ಬಾಯಿಯಲ್ಲಿ. ಅದರಲ್ಲೂ ಹೆಚ್ಚಿನ ಪಾಲು ಹೆಂಗಸರ ಬಾಯಿಯಲ್ಲಿ. ಗಂಡಸರು ವ್ಯಾಪಾರಕ್ಕೆಂದು ಸಂತೆ, ಬಂದರು, ಮುಂಬೈ, ಗಲ್ಫ್ ಎಂದು ಹೊರಟಾಗ ಹತ್ತು ಭಾಷೆ ಕಲಿತು ಬಂದರು. ಮನೆಯಲ್ಲಿ ಉಳಿದವರು ಮಕ್ಕಳನ್ನು ಮಲಗಿಸುತ್ತಾ, ಬೀಡಿ ಕಟ್ಟುತ್ತಾ, ಭತ್ತ ಕುಟ್ಟುತ್ತಾ ಹಾಡು, ಗಾದೆ, ಒಗಟು, ಅಜ್ಜಿಕತೆಗಳನ್ನು ಮುಂದಿನವರಿಗೆ ದಾಟಿಸಿದರು. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸುವ ಹೊತ್ತಿಗೆ ಒಂದು ಭಾಷೆ ಜೀವಂತವಾಗಿ ನಮ್ಮ ಕೈಗೆ ಸಿಕ್ಕಿದ್ದರೆ ಅದರಲ್ಲಿ ಈ ಹೆಂಗಸರ ಪಾಲು ದೊಡ್ಡದು.

ಹಾಡಿನ ಕತೆ ಹೀಗಾದರೆ ಸೂಜಿಯ ಕತೆಯೂ ಬೇರೆಯಲ್ಲ. ಕಾಸರಗೋಡಿನ ತಳಂಗರೆ ಟೋಪಿಯನ್ನು ಬಲ್ಲದವರು ನಮ್ಮಲ್ಲಿ ಕಡಿಮೆ. ಬಿಳಿ ಬಟ್ಟೆಯ ಮೇಲೆ ಆ ಸೂಕ್ಷ್ಮ ಕಸೂತಿಯನ್ನು ಮನೆಯಲ್ಲಿ ಕುಳಿತು ಹಾಕಿದವರು ಹೆಂಗಸರು. ಟೋಪಿ ಕಡಲು ದಾಟಿ ಹೋಯಿತು, ಊರಿನ ಹೆಸರನ್ನೂ ಹೊತ್ತೊಯ್ದಿತು. ಹೊಲಿದ ಕೈಗಳ ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಈಗ ಯಂತ್ರದ ಟೋಪಿ ಅಗ್ಗಕ್ಕೆ ಸಿಗುತ್ತದೆ, ಕೈಕಸೂತಿ ಬಲ್ಲವರು ಬೆರಳೆಣಿಕೆಗೆ ಇಳಿಯುತ್ತಿದ್ದಾರೆ.

ಹೆಸರಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಸಾರಾ ಅಬೂಬಕ್ಕರ್ ಅವರ ಬದುಕೇ ಉತ್ತರ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಓದಿ, 'ಚಂದ್ರಗಿರಿಯ ತೀರದಲ್ಲಿ' ಬರೆದರು. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ 1984ರಲ್ಲಿ ಪುಸ್ತಕವಾಯಿತು. ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಸಂಕಟವನ್ನು ಅವರು ಬರೆದಾಗ ನಮ್ಮವರಲ್ಲೇ ಎಷ್ಟೋ ಮಂದಿ ಸಿಟ್ಟಾದರು. ಮುಂದೆ 'ಬ್ಯಾರಿ' ಸಿನಿಮಾ ಬಂತು, 2011ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಹಂಚಿಕೊಂಡಿತು. ನಮ್ಮ ಭಾಷೆಗೆ ಸ್ವರ್ಣಕಮಲ ಬಂತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಅದು ತಮ್ಮ ಕಾದಂಬರಿಯದ್ದೇ ಕತೆ, ತಮ್ಮನ್ನು ಕೇಳಿಲ್ಲ ಎಂದು ಸಾರಾ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಜಿಲ್ಲಾ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಅವರು ನಮ್ಮನ್ನಗಲಿದಾಗ ಶ್ರದ್ಧಾಂಜಲಿಗಳಿಗೆ ಕೊರತೆಯಿರಲಿಲ್ಲ. ಒಂದು ಮಾತು ಯೋಚಿಸಬೇಕು. ಸಾರಾ ಅವರ ಕೈಯಲ್ಲಿ ಅಚ್ಚಾದ ಪುಸ್ತಕವಿತ್ತು, ಮುಖಪುಟದ ಮೇಲೆ ಹೆಸರಿತ್ತು, ಹಾಗಾಗಿ ಕೇಳಲು ಸಾಧ್ಯವಾಯಿತು. ಅಜ್ಜಿಯಂದಿರ ಹಾಡನ್ನು ನಾಳೆ ಯಾರೋ ಆಲ್ಬಮ್ ಮಾಡಿ ತಮ್ಮದೆಂದರೆ ಅವರ ಪರವಾಗಿ ಯಾವ ಪುರಾವೆ ಉಂಟು?

ಪಕ್ಕದ ಮಲಬಾರಿನತ್ತ ಒಮ್ಮೆ ನೋಡೋಣ. 1950ರ ದಶಕದಲ್ಲಿ ನಾಟಕದ ರಂಗಕ್ಕೆ ಹತ್ತಿದ ನಿಲಂಬೂರು ಆಯಿಷಾ ಅವರ ಮೇಲೆ ಮಂಜೇರಿಯಲ್ಲಿ ಪ್ರದರ್ಶನದ ನಡುವೆಯೇ ಗುಂಡು ಹಾರಿಸಲಾಯಿತು. ಅವರು ನಾಟಕ ಬಿಡಲಿಲ್ಲ. ನಡುವೆ ಹೊಟ್ಟೆಪಾಡಿಗಾಗಿ ಸೌದಿಗೆ ಹೋಗಿ ಮನೆಕೆಲಸವನ್ನೂ ಮಾಡಿದರು. 2023ರಲ್ಲಿ ಅವರ ಬದುಕಿನಿಂದ ಪ್ರೇರಣೆ ಪಡೆದ 'ಆಯಿಷಾ' ಎಂಬ ಸಿನಿಮಾವೇ ಬಂತು. ನಮ್ಮ ಮನೆಗಳ ಟೇಪ್‌ರೆಕಾರ್ಡರ್‌ಗಳಲ್ಲಿ ವರ್ಷಗಟ್ಟಲೆ ತಿರುಗಿದ ಮಾಪ್ಪಿಳ ಪಾಟ್ಟಿನ ಕ್ಯಾಸೆಟ್‌ಗಳಲ್ಲಿ ವಿಳಯಿಲ್ ಫಸೀಲಾ ಅವರ ಸ್ವರ ಇತ್ತು. ಅವರ ಹೆಸರು ನಮಗೆ ಬಾಯಿಪಾಠ. ನಮ್ಮದೇ ಮನೆಯಲ್ಲಿ ಹಾಡಿದವರ ಹೆಸರು ಮೊಮ್ಮಕ್ಕಳಿಗೆ ಗೊತ್ತಿಲ್ಲ. ಅಲ್ಲಿ ಒಪ್ಪನ ಶಾಲಾ ಕಲೋತ್ಸವದ ಸ್ಪರ್ಧೆಯೂ ಆಯಿತು, ಮದರಂಗಿಯ ಹಾಡು ಮಕ್ಕಳ ನಾಲಿಗೆಯಲ್ಲಿ ಉಳಿಯಿತು.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಮೊಬೈಲಿನಲ್ಲಿ ಸ್ಟೇಟಸ್ ಹಾಕಿದೆವು. ಆ ಪ್ರಶಸ್ತಿಯ ಹಣವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಇಬ್ಬರಿಗೂ ಸಮಸಮವಾಗಿ ಹಂಚಲಾಯಿತು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದವರ ಶ್ರಮವನ್ನೂ ಕಲೆಯೆಂದು ಗೌರವಿಸುವ ಈ ರೀತಿ ನಾವು ಕಲಿಯಬೇಕಾದದ್ದು.

ಹೆಂಗಸರನ್ನು ವೇದಿಕೆಗೆ ಎಳೆಯುತ್ತೀರಾ, ಪರಪುರುಷರೆದುರು ಹಾಡಿಸುತ್ತೀರಾ ಎಂದು ಕೆಲವರು ಕೇಳಬಹುದು. ವೇದಿಕೆ ಹತ್ತಬೇಕೋ ಬೇಡವೋ ಎಂಬುದು ಆಯಾ ಹೆಂಗಸರು ತಾವೇ ತೀರ್ಮಾನಿಸಬೇಕಾದ ವಿಷಯ. ನಾವು ಹೇಳುತ್ತಿರುವುದು ಅದಕ್ಕಿಂತ ಸರಳ. ಹಾಡನ್ನು ಬರೆದಿಡುವುದಕ್ಕೆ ವೇದಿಕೆ ಬೇಡ. ಮೊಮ್ಮಗಳು ಅಜ್ಜಿಯ ಪಕ್ಕ ಕುಳಿತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಕು. ಸ್ವರ ಹೊರಗೆ ಹೋಗುವುದು ಇಷ್ಟವಿಲ್ಲ ಎಂದರೆ ಸಾಲುಗಳನ್ನಾದರೂ ಕನ್ನಡ ಲಿಪಿಯಲ್ಲಿ ಬರೆದಿಡಲಿ. ಕೆಳಗೆ ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದು ಇರಲಿ. ಅವರ ಒಪ್ಪಿಗೆ ಪಡೆದೇ ಇದೆಲ್ಲ ಆಗಲಿ.

ಅವಸರ ಯಾಕೆಂದರೆ ಸಮಯ ಕಮ್ಮಿ ಉಂಟು. ಮದುವೆಗಳು ಹಾಲ್‌ಗೆ ಹೋದವು, ಒಳಕೋಣೆಯ ಹಾಡಿನ ಜಾಗಕ್ಕೆ ಸ್ಪೀಕರ್ ಬಂತು. ಪೂರ್ತಿ ಹಾಡು ನೆನಪಿರುವವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಒಬ್ಬ ಅಜ್ಜಿ ತೀರಿಕೊಂಡರೆ ಅವರೊಂದಿಗೆ ಹತ್ತಾರು ಹಾಡುಗಳು ಮಣ್ಣಿಗೆ ಹೋಗುತ್ತವೆ.

ಅಕ್ಟೋಬರ್ 3ರಂದು ಬ್ಯಾರಿ ಭಾಷಾ ದಿನಾಚರಣೆ ಆಚರಿಸುತ್ತೇವೆ, ಭಾಷಣ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಮುಂದಿನ ದಿನಾಚರಣೆಯೊಳಗೆ ಪ್ರತಿ ಜಮಾಅತ್, ಪ್ರತಿ ಬ್ಯಾರಿ ಸಂಘಟನೆ ತನ್ನ ಊರಿನ ಹಾಡುಗಾರ್ತಿಯರ, ಕಸೂತಿ ಬಲ್ಲವರ, ಕತೆ ಹೇಳುವವರ ಒಂದು ಪಟ್ಟಿ ಮಾಡಲಿ. ಅಕಾಡೆಮಿ ಅದನ್ನು ಒಟ್ಟುಗೂಡಿಸಿ ಪುಸ್ತಕವಾಗಿ ತರಲಿ, ಕಷ್ಟದಲ್ಲಿರುವ ಹಿರಿಯ ಕಲಾವಿದೆಯರಿಗೆ ಮಾಸಾಶನ ಕೊಡಿಸಲು ಪ್ರಯತ್ನಿಸಲಿ. ನಮ್ಮ ಕಾಲೇಜು ಓದುವ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಜೆಯ ಕೆಲಸ ಬೇರೆ ಇಲ್ಲ. ಇವತ್ತು ರಾತ್ರಿಯೇ ಮನೆಯ ಹಿರಿಯರನ್ನು ಕೇಳಿ: ನೀವು ಯಾವ ಹಾಡು ಹಾಡುತ್ತಿದ್ದಿರಿ, ಅದನ್ನು ನಿಮಗೆ ಕಲಿಸಿದವರ ಹೆಸರೇನು?